ಗಂಜಿ ಹಾಕಿದ ಚೆಂಡು

ಗಂಗಾವತಿಯಿಂದ ಕೊಪ್ಪಳಕ್ಕೆ ಹೋಗುವ ಬಸ್ಸಿನಲ್ಲಿ ನಾನು ಕಂಡಕ್ಟರ್. ಗಂಗಾವತಿ ಬಿಡುವಾಗ ರಸ್ತೆ ಪಕ್ಕದಲ್ಲಿ ಅಕ್ಕಿ ಗಿರಣಿಗಳು ಸಿಗುತ್ತವೆ. ಭತ್ತ ಬೇಯಿಸುವ ಹೊತ್ತಿಗೆ ನಮ್ಮ ಗಾಡಿ ಹಾದರೆ ಬಿಸಿ ಉಗಿ ಕಿಟಕಿಯೊಳಗೆ ನುಗ್ಗುತ್ತದೆ. ಕೆಲವರಿಗೆ ಹಸಿವಾಗುತ್ತದೆ, ಕೆಲವರು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಸಿಟ್ಟು ಬರುತ್ತದೆ. ಆ ಹೊತ್ತಿನಲ್ಲಿ ಚಿಲ್ಲರೆ ಇಲ್ಲ ಎಂದವರು ನನ್ನ ಬಾಯಿಗೆ ಸಿಕ್ಕರೆ ಅವರ ಗ್ರಹಚಾರ. ಡ್ರೈವರ್ ಒಮ್ಮೆ ಕೇಳಿಯೇಬಿಟ್ಟ, "ಅಲ್ರಿ ರೇಣುಕಾ ಮೇಡಂ, ಈ ಗಿರಣಿ ಬಂದ ಕೂಡ್ಲೇ ನಿಮಗ ಏನ್ ಆಗತೈತ್ರಿ?"  ನನ್ನ ಮೂಗಿಗೆ ಆ ಉಗಿ ಅಂದರೆ ನೂಲಿಗೆ ಹಾಕುವ ಗಂಜಿಯ ವಾಸನೆ. ಒಂದು ಚಳಿಗಾಲವಿಡೀ ನಮ್ಮ ಮನೆ ತುಂಬ ಇದೇ ವಾಸನೆ ಇತ್ತು. ಆ ಚಳಿಗಾಲ ಮುಗಿಯುತ್ತಲೇ ನಮ್ಮ ಮಗ್ಗ ಹೋಯಿತು.

ನಮ್ಮ ಮನೆ ಭಾಗ್ಯನಗರದಲ್ಲಿ. ಕೊಪ್ಪಳದಿಂದ ರೈಲು ಹಳಿ ದಾಟಿದರೆ ಭಾಗ್ಯನಗರ. ಒಂದು ಕಾಲಕ್ಕೆ ಓಣಿಯಲ್ಲಿ ನಡೆದರೆ ಎರಡೂ ಬದಿಯಿಂದ ಮಗ್ಗದ ಸಪ್ಪಳ ಕೇಳುತ್ತಿತ್ತಂತೆ. ನಾನು ದೊಡ್ಡವಳಾಗುವ ಹೊತ್ತಿಗೆ ಮಗ್ಗದ ಮನೆಗಳು ಒಂದೊಂದಾಗಿ ಕೂದಲಿನ ಶೆಡ್ಡುಗಳಾಗಿದ್ದವು. ದೇವರಿಗೆ ಕೊಟ್ಟ ಮುಡಿ, ಬಾಚಣಿಗೆಗೆ ಸಿಕ್ಕ ಕೂದಲು, ಎಲ್ಲೆಲ್ಲಿಂದಲೋ ಚೀಲಗಟ್ಟಲೆ ಬಂದು ಬೀಳುತ್ತದೆ. ಹೆಂಗಸರು ಕೂತು ಸಿಕ್ಕು ಬಿಡಿಸಿ, ಉದ್ದ ನೋಡಿ ಕಟ್ಟು ಕಟ್ಟುತ್ತಾರೆ. ಅವ್ವ ಆಗಲೇ ಅಲ್ಲಿಗೆ ಹೋಗುತ್ತಿದ್ದಳು. ಅಪ್ಪ ಮಾತ್ರ ಕುಣಿಮಗ್ಗ ಬಿಡಲಿಲ್ಲ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ತುಳಿಯುತ್ತ ತುಳಿಯುತ್ತ ನೇಯುವ ಮಗ್ಗ ಅದು. ಪಡಸಾಲೆಯ ಅರ್ಧ ಅದೇ ನುಂಗಿತ್ತು. ಮನೆಗೆ ಬಂದವರು ಗೋಡೆ ಹಿಡಿದು ಸುತ್ತಿಕೊಂಡು ಅಡುಗೆಮನೆಗೆ ಬರಬೇಕು. ವರ್ಷದಿಂದ ವರ್ಷಕ್ಕೆ ಸೀರೆ ಕೇಳುವವರು ಕಡಿಮೆಯಾದರು. ಅಪ್ಪನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಬೆಳಗಾದರೆ ಕುಣಿಗೆ ಇಳಿಯುತ್ತಿದ್ದ.

ನಾನು ಡಿಗ್ರಿ ಮೊದಲ ವರ್ಷದಲ್ಲಿದ್ದಾಗ ಹುಸೇನಸಾಬ್ ಮಾಸ್ತರರು ಬೇಸ್‌ಬಾಲ್ ಹುಚ್ಚು ಹಚ್ಚಿಕೊಂಡು ಬಂದರು. ಅವರು ನಮಗೆ ಹೈಸ್ಕೂಲಿನಲ್ಲಿ ಆಟದ ಮಾಸ್ತರರು. ಎಲ್ಲೋ ತರಬೇತಿಗೆ ಹೋಗಿ ಬಂದು, ಒಂದು ಬ್ಯಾಟು, ಎರಡು ಚೆಂಡು, ಹಳೆಯ ಕೆಲವು ಗ್ಲೌಸು ತಂದಿದ್ದರು. ನಮ್ಮನ್ನೆಲ್ಲ ಮೈದಾನಕ್ಕೆ ಕರೆಸಿ, "ನೋಡ್ರವ್ವಾ, ಖೋ ಖೋ ಆಡಿದ್ರ ಎದುರಿಗೆ ನೂರು ಟೀಮ್ ನಿಂದರತಾವ. ಈ ಆಟ ಈ ಕಡಿ ಯಾರಿಗೂ ಬರಂಗಿಲ್ಲ. ಯಾರಿಗೂ ಬರಲಾರದ್ದನ್ನ ಕಲತ್ರ ಎದುರಿಗೆ ಯಾರ ಇರತಾರ?" ಎಂದರು. ಹಾಳೂರಿಗೆ ಉಳಿದವನೇ ಗೌಡ. ಜಿಲ್ಲೆಯಲ್ಲಿ ಹುಡುಗಿಯರ ಬೇರೆ ತಂಡವೇ ಇರಲಿಲ್ಲವಾದ್ದರಿಂದ, ಇನ್ನೂ ಚೆಂಡು ಹಿಡಿಯಲು ಬಾರದ ನಾವೇ ಜಿಲ್ಲಾ ತಂಡವಾದೆವು.

ಆಟ ಕ್ರಿಕೆಟ್ಟಿನ ಚಿಕ್ಕಪ್ಪನ ಮಗಳ ಹಾಗೆ. ಹೊಡೆದವಳು ಬ್ಯಾಟು ಬಿಸಾಕಿ ಓಡುತ್ತಾಳೆ. ಓಡುವ ದಾರಿಯಲ್ಲಿ ನೆಲಕ್ಕೆ ಹಾಸಿದ ಗಾದಿಯಂಥ ತಳಗಳಿರುತ್ತವೆ, ಅವನ್ನೆಲ್ಲ ಸುತ್ತಿ ಹೊಡೆದ ಜಾಗಕ್ಕೆ ಮರಳಿದರೆ ಒಂದು ರನ್. ಆಕೆ ಮೊದಲ ತಳ ಮುಟ್ಟುವುದರೊಳಗೆ ಚೆಂಡು ಅಲ್ಲಿ ನಿಂತವಳ ಕೈ ಸೇರಿದರೆ ಆಕೆ ಔಟ್. ಅಲ್ಲಿ ನಿಲ್ಲುವವಳು ನಾನು, ಎತ್ತರ ಇದ್ದೆನಲ್ಲ. ಮೈದಾನದ ಆ ತುದಿಯಿಂದ ನನ್ನ ಕಡೆ ಚೆಂಡು ಒಗೆಯುವವಳು ಶಾಹಿದಾ, ಮಾಸ್ತರರ ಮಗಳು, ನನ್ನ ಜೀವದ ಗೆಳತಿ. ಅವಳ ಕೈ ಅಂದರೆ ಕೈ. ಜಾಲಿ ಮರದ ತುದಿಯ ಓತಿಕೇತಕ್ಕೆ ಕಲ್ಲು ಬೀಸಿ ಕಲಿತ ಗುರಿ.

ತಂಡಕ್ಕೆ ಹೆಸರಿಟ್ಟವರೂ ಮಾಸ್ತರರೇ. ಒಂದು ಸಂಜೆ ನಮ್ಮ ಮನೆಗೆ ಚಹಾಕ್ಕೆ ಬಂದವರು, ಅಪ್ಪನ ಕೈಯಲ್ಲಿ ಲಾಳಿ ಈ ಕಡೆಯಿಂದ ಆ ಕಡೆಗೆ ಓಡುವುದನ್ನು ನೋಡುತ್ತ ಕಪ್ಪನ್ನು ಕೆಳಗಿಡುವುದನ್ನೇ ಮರೆತರು. "ಮಲ್ಲೇಶಣ್ಣಾ, ಸಿಕ್ತು ನೋಡು. ನಮ್ಮ ಹುಡುಗ್ಯಾರ ಕೈಯಾಗ ಚೆಂಡು ಹಿಂಗ ಓಡಬೇಕು. ಟೀಮಿನ ಹೆಸರು ಲಾಳಿ." ಅಪ್ಪ ನಕ್ಕ. ಅಪ್ಪ ಹಾಗೆ ನಕ್ಕಿದ್ದನ್ನು ನೋಡಿ ಎಷ್ಟೋ ದಿನವಾಗಿತ್ತು. "ಹೆಸರು ಲಾಳಿ ಇಟ್ಟ ಮ್ಯಾಲ ಅಂಗಿ ಮಿಲ್ಲಿನ ಬಟ್ಟಿದು ಯಾಕ ರಿ ಮಾಸ್ತರ? ದಡಿ ನಾ ನೇದು ಕೊಡ್ತೀನಿ" ಎಂದ.

ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವುದು ಇದಕ್ಕೇ. ನಮಗೆ ಆಟ ಬರುವ ಮೊದಲೇ ಅಂಗಿ ಬಂತು. ಬಿಳಿ ಅಂಗಿಯ ತೋಳಿಗೆ, ಎದೆಗೆ ಅಪ್ಪ ನೇಯ್ದ ಕೆಂಪು ದಡಿಯ ಪಟ್ಟಿ. ಸೀರೆಯ ಅಂಚಿಗೆ ಬರುವ ದಡಿಯನ್ನೇ ಕಿರಿದು ಮಾಡಿ ನೇಯ್ದಿದ್ದ, ಅದರ ತುದಿಗೆ ಹಲ್ಲು ಹಲ್ಲಿನ ಕುಸುರಿ. ಅದನ್ನು ತೊಟ್ಟುಕೊಂಡು ಓಣಿಯಲ್ಲಿ ಹಾದರೆ ಕೂದಲಿನ ಶೆಡ್ಡಿನ ಹೆಂಗಸರು ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಒಬ್ಬಾಕೆ ಮುದುಕಿ ನನ್ನ ತೋಳು ಹಿಡಿದು, "ಯವ್ವಾ, ನನ್ನ ಧಾರಿ ಸೀರಿ ದಡಿ ಇದ" ಎಂದು ಕಣ್ಣೀರು ಹಾಕಿದಳು. ನಮಗೆ ಆಡುವುದಕ್ಕೆ ಮೊದಲೇ ಗೆದ್ದಷ್ಟು ಸೊಕ್ಕು ಬಂತು.

ಆ ಅಂಗಿಯನ್ನು ಅಪ್ಪ ಕೊಪ್ಪಳದ ಸಾವುಕಾರರೊಬ್ಬರ ಅಂಗಡಿಗೆ ಒಯ್ದು ತೋರಿಸಿದ. ನಾನೂ ಜೊತೆಗಿದ್ದೆ. ಶಾಲೆಗಳಿಗೆ ಸಮವಸ್ತ್ರ, ಆಟದ ಅಂಗಿ ಮಾರುವ ಅಂಗಡಿ ಅದು. ಸಾವುಕಾರರು ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಒಂದು ತುಂಡು ತಾವೇ ಇಟ್ಟುಕೊಂಡು ಹೇಳಿದರು: "ಮಲ್ಲೇಶಪ್ಪ, ಛಲೋ ಐತಿ. ಆದ್ರ ಸುಮ್‌ಸುಮ್ನ ಯಾರ ತಗೋತಾರ? ನಿಮ್ಮ ಹುಡುಗ್ಯಾರು ರಾಜ್ಯಮಟ್ಟ ಮುಟ್ಟಿ ಬರ್ಲಿ. ರಾಜ್ಯಮಟ್ಟದಾಗ ಆಡಿದ ದಡಿ ಅಂತ ಹೇಳಿ ಈ ಜಿಲ್ಲಾದ ಸಾಲಿ ಟೀಮಿನ ಅಂಗಿಗೆಲ್ಲ ಇದನ್ನ ಹಚ್ಚಸ್ತೀನಿ. ವರ್ಷಾ ನಿನ್ನ ಮಗ್ಗಕ್ಕ ಕೆಲಸ." ಅಂಗಡಿಯಿಂದ ಹೊರಬಂದು ಜವಾಹರ ರಸ್ತೆಯಲ್ಲಿ ನಡೆಯುವಾಗ ಅಪ್ಪ ನನ್ನ ಮುಖ ನೋಡದೆ ಹೇಳಿದ: "ನೋಡು ರೇಣಿ, ನೀವು ಹೋದ್ರ ಮಗ್ಗ ಉಳೀತೈತಿ. ಇಲ್ಲಂದ್ರ ಯುಗಾದಿಗೆ ಕುಣಿ ಮುಚ್ಚಿ ನಾನೂ ನಿಮ್ಮವ್ವನ ಹಿಂದ ಶೆಡ್ಡಿಗೆ ಹೊಕ್ಕೀನಿ." ಅವತ್ತಿನಿಂದ ಅದು ನನಗೆ ಆಟವಾಗಿ ಉಳಿಯಲಿಲ್ಲ.

ದೀಪಾವಳಿ ಮುಗಿದು ಚಳಿ ಶುರುವಾಯಿತು. ಬೆಳಗ್ಗೆ ಮೈದಾನದಲ್ಲಿ ಮಂಜು ಇರುವಾಗಲೇ ಸೇರುತ್ತಿದ್ದೆವು. ಕೈ ಮರಗಟ್ಟಿರುತ್ತಿತ್ತು, ಚೆಂಡು ಬಡಿದರೆ ಮೊಣಕೈತನಕ ಝುಂ ಎನ್ನುತ್ತಿತ್ತು. ಆಗಲೇ ನಮ್ಮ ಎರಡು ಚೆಂಡುಗಳಲ್ಲಿ ಒಂದು ರೈಲಿನ ಗೂಡ್ಸ್ ಡಬ್ಬಿಯೊಳಗೆ ಬಿದ್ದು ಹುಬ್ಬಳ್ಳಿ ಕಡೆ ಹೋಯಿತು. ಇನ್ನೊಂದು ಹೊಲಿಗೆ ಬಿಚ್ಚಿಕೊಂಡಿತು. ಆ ಬಿಚ್ಚಿದ ಚೆಂಡನ್ನು ನಾನು ಮನೆಗೆ ತಂದೆ. ಅಪ್ಪ ತೊಗಲು ಸರಿಸಿ ನೋಡಿದರೆ ಒಳಗೆಲ್ಲ ನೂಲು. ಸುತ್ತಿ ಸುತ್ತಿ ಬಿಗಿದ ನೂಲು. ಎಳೆ ಹಿಡಿದು ಎಳೆಯುತ್ತ ಹೋದ, ಪಡಸಾಲೆ ತುಂಬ ನೂಲು ಹರಡಿತು, ನಡುವಿನ ರಬ್ಬರಿನ ಗೋಲಿ ಕೊನೆಗೆ ಟಪ್ಪೆಂದು ಕುಣಿಯೊಳಗೆ ಬಿತ್ತು.

"ಏ ಇಕಿನ, ಬಾರ ಇಲ್ಲಿ!" ಅಪ್ಪ ಅವ್ವನನ್ನು ಕೂಗಿದ. "ಇದು ನಮ್ಮ ಆಟ ಐತಿ! ನೂಲಿನ ಉಂಡಿ ಮಾಡಿ ಅದಕ್ಕ ತೊಗಲು ಹೊಲದಾರ. ಇದನ್ನ ಅಂಗಡ್ಯಾಗ ಕೊಳ್ಳೂದ್ಯಾಕ?"

ಅವ್ವ ಒಲೆಯ ಮುಂದಿನಿಂದಲೇ, "ಸೀರಿ ನೇಯೂದು ಬಿಟ್ಟು ಚೆಂಡು ಸುತ್ತಾಕ ನಿಂತ್ರ ಇನ್ನ ಮುಗೀತು" ಎಂದಳು. ಆದರೆ ಅವಳೂ ಬಂದು ಕೂತಳು. ಮನೆಯ ಮೂಲೆಯಲ್ಲಿದ್ದ ಹಳೆಯ ನೂಲೆಲ್ಲ ಹೊರಬಂತು. ಅವ್ವ ರಾಟಿ ತಿರುಗಿಸಿದಳು, ಅಪ್ಪ ಸುತ್ತಿದ, ಬಸ್ ಸ್ಟ್ಯಾಂಡಿನ ಬಳಿ ಚಪ್ಪಲಿ ಹೊಲಿಯುವವರು ತೊಗಲು ಹೊದಿಸಿ ಕೊಟ್ಟರು. ಮೊದಲ ಚೆಂಡು ನಾಲ್ಕು ಪೆಟ್ಟಿಗೇ ಮೆತ್ತಗಾಯಿತು. ಅಪ್ಪ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಯೋಚಿಸಿದ. ನೇಕಾರನ ಯೋಚನೆ ಹೇಗೆ ಹೋಗುತ್ತದೆಂದರೆ: ಮಗ್ಗದಲ್ಲಿ ಅಡ್ಡ ಹೋಗುವ ಹೊಕ್ಕಿನ ನೂಲಿಗೆ ಗಂಜಿ ಬೇಕಿಲ್ಲ, ಅದು ಪೆಟ್ಟು ತಿನ್ನುವುದಿಲ್ಲ. ಉದ್ದಕ್ಕೆ ಬಿಗಿದ ಹಾಸಿನ ನೂಲು ದಿನವಿಡೀ ಪೆಟ್ಟು ತಿನ್ನುತ್ತದೆ, ಅದಕ್ಕೆ ಗಂಜಿ ಕುಡಿಸದೆ ಮಗ್ಗಕ್ಕೆ ಏರಿಸಿದರೆ ಪಟಪಟನೆ ಹರಿಯುತ್ತದೆ. "ಪೆಟ್ಟು ತಿನ್ನೂ ನೂಲು ಅಂದ ಮ್ಯಾಲ ಅದು ಹಾಸಿನ ನೂಲು. ಗಂಜಿ ಇಲ್ದ ಹ್ಯಾಂಗ ನಿಂದ್ರತೈತಿ?" ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡ.

ಅಲ್ಲಿಂದ ಮನೆಯಲ್ಲಿ ದಿನವೂ ಗಂಜಿ ಕುದಿಯತೊಡಗಿತು. ನೂಲನ್ನು ಅದ್ದಿ, ಹಿಂಡಿ, ಬಿಸಿಲಿಗೆ ಹಿಡಿದು, ಸ್ವಲ್ಪ ಹಸಿ ಇರುವಾಗಲೇ ಹಲ್ಲು ಕಚ್ಚಿ ಸುತ್ತುತ್ತಿದ್ದ. ಆರಿದ ಮೇಲೆ ಚೆಂಡು ಕಲ್ಲಾಗುತ್ತಿತ್ತು. ಎಷ್ಟು ಹೊಡೆದರೂ ಚೆಂಡು ಜಪ್ಪಯ್ಯ ಅನ್ನುತ್ತಿರಲಿಲ್ಲ. ಭಾರ ಮಾತ್ರ ಭಾರ. ಶಾಹಿದಾ ಆ ತುದಿಯಿಂದ ಒಗೆದರೆ ಅರ್ಧಕ್ಕೇ ಬೀಳುತ್ತಿತ್ತು. ಅವಳು ಮೈಯನ್ನೆಲ್ಲ ಹಿಂದಕ್ಕೆ ಬಾಗಿಸಿ, ಆಕಾಶಕ್ಕೆ ಗುರಿ ಇಟ್ಟು ಒಗೆಯುವುದನ್ನು ಕಲಿತಳು. ಆಗ ಅದು ಮೇಲೆ ಹೋಗಿ ಇಳಿದು ಸರಿಯಾಗಿ ನನ್ನ ಎದೆಗೆ ಬರುತ್ತಿತ್ತು. ಎಲ್ಲರೂ ಹಾಗೆಯೇ ಕಲಿತೆವು. ಮಾಸ್ತರರು ಚೆಂಡನ್ನು ಕೈಯಲ್ಲಿ ತೂಗಿ ನೋಡಿ, "ಭಾರ ಇದ್ರ ಛಲೋ ಆತು ಬಿಡ್ರಿ. ಇದರಾಗ ಪಳಗಿದ ಕೈಗೆ ಅಲ್ಲಿ ಚೆಂಡು ಹೂವಿನಂಗ ಆಕ್ಕೈತಿ" ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹೂವಿನ ಹಾಗೆಯೇ ಆಯಿತು, ಅದೇ ನಮ್ಮನ್ನು ಮುಳುಗಿಸಿತು.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಯಿತು. ಅದು ಹೋದ ಮೇಲೆ ಕಲಬುರಗಿಯಲ್ಲಿ ವಿಭಾಗ ಮಟ್ಟದ ಪಂದ್ಯ. ಅಪ್ಪನೂ ನಮ್ಮ ಜೊತೆ ಹೊರಟ. ಮಗ್ಗ ಬಿಟ್ಟು ಅವನು ಅಷ್ಟು ದೂರ ಹೋಗಿದ್ದನ್ನು ನಾನು ಅಲ್ಲಿವರೆಗೆ ಕಂಡಿರಲಿಲ್ಲ. ಅಲ್ಲಿ ಹೋಗಿ ನೋಡಿದರೆ ನಮ್ಮನ್ನು ಬಿಟ್ಟು ಬಂದಿದ್ದು ಒಂದೇ ತಂಡ. ಒಂದು ಪಂದ್ಯ ಗೆದ್ದರೆ ನಾವು ರಾಜ್ಯಮಟ್ಟ. ಶಾಹಿದಾ ನನ್ನ ಕಿವಿಯಲ್ಲಿ, "ರೇಣಿ, ನಿಮ್ಮಪ್ಪನ ಮಗ್ಗ ಉಳೀತ ನೋಡಲೇ" ಎಂದಳು. ನಾನೂ ನಂಬಿದೆ. ಇಷ್ಟು ಹತ್ತಿರ ಬಂದದ್ದು ಕೈ ತಪ್ಪುತ್ತದೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆಯೇ?

ಎದುರಾಳಿ ಹುಡುಗಿಯರು ಬಂದು ನಮ್ಮ ತೋಳಿನ ದಡಿ ಮುಟ್ಟಿ ಮುಟ್ಟಿ ನೋಡಿದರು. ಅವರ ಟೀಚರ್, "ಇದು ಎಲ್ಲಿ ಸಿಗತದ ರಿ?" ಎಂದು ಕೇಳಿದರು. ಅಪ್ಪ ಬಿಳಿ ಅಂಗಿಯ ಗುಂಡಿ ಸರಿ ಮಾಡಿಕೊಳ್ಳುತ್ತ, "ಈಗ ನಮ್ಮನ್ಯಾಗ ಅಷ್ಟ ಸಿಗತೈತಿ ರಿ. ಮುಂದ ಎಲ್ಲಾ ಕಡಿ ಸಿಗತೈತಿ" ಎಂದ. ಆ ಮಾತು ಹೇಳುವಾಗ ಅವನ ಮುಖ ಹೇಗಿತ್ತೆಂಬುದು ನನಗೆ ಈಗಲೂ ಮರೆಯಲಾಗುವುದಿಲ್ಲ.

ಆಟ ಶುರುವಾಗುವಾಗ ಅಂಪೈರು ಹೊಸ ಚೆಂಡು ಕೊಟ್ಟರು. ಬಸ್ಸು ತಡವಾಗಿ ಹೋಗಿದ್ದರಿಂದ ಅದನ್ನು ಮೊದಲೇ ಮುಟ್ಟಿ ನೋಡಲು ಆಗಿರಲಿಲ್ಲ. ಅವರ ಮೊದಲ ಹುಡುಗಿ ಹೊಡೆದಳು, ನೆಲ ಹಿಡಿದು ಬಂದ ಚೆಂಡನ್ನು ಶಾಹಿದಾ ಚಕ್ಕನೆ ಎತ್ತಿಕೊಂಡಳು, ಬಾಗಿ ಒಗೆದಳು. ನಾನು ತಳದ ಮೇಲೆ ಕಾಲಿಟ್ಟು ಗ್ಲೌಸು ಎದೆಗೆ ಹಿಡಿದೆ. ಚೆಂಡು ನನ್ನ ತಲೆಯ ಮೇಲಿಂದ ಹೋಯಿತು. ಹಾರಿದರೂ ಸಿಗದಷ್ಟು ಮೇಲೆ. ಹಿಂದಿನ ತಂತಿ ಬೇಲಿಗೆ ಬಡಿದು ಬಿದ್ದದ್ದನ್ನು ನಾನು ಓಡಿಹೋಗಿ ತರುವುದರೊಳಗೆ ಆ ಹುಡುಗಿ ಸುತ್ತು ಹಾಕಿ ಹೊಡೆದ ಜಾಗ ಮುಟ್ಟಿದ್ದಳು. ಎರಡನೆಯದೂ ಹಾಗೇ. ಮೂರನೆಯದನ್ನು ಶಾಹಿದಾ ಹೆದರಿ ಹೆದರಿ ಒಗೆದಳು, ಅದು ನನ್ನ ಮುಂದೆ ಮಣ್ಣಿಗೆ ಬಿದ್ದು ಉರುಳಿತು. ಆಮೇಲೆ ಅವಳ ಕೈಗೆ ಏನು ಮಾಡಬೇಕೆಂಬುದೇ ಮರೆತುಹೋಯಿತು. ಎಲ್ಲರ ಕೈಗೂ. ಮಾಸ್ತರರು ಗೆರೆಯ ಆಚೆ ನಿಂತು, "ಕೆಳಗ ಒಗೀರಿ! ಕೆಳಗ!" ಎಂದು ಗಂಟಲು ಹರಿದುಕೊಂಡರು. ಚಳಿಗಾಲವಿಡೀ ಆಕಾಶಕ್ಕೆ ಒಗೆದ ಕೈಗೆ ಕೆಳಗೆ ಅಂದರೆ ಎಲ್ಲಿ ಎಂದು ಹೇಗೆ ಗೊತ್ತಾಗಬೇಕು? ನಮ್ಮ ಸರದಿ ಬಂದಾಗ ಅವರು ಎಸೆದ ಚೆಂಡು ನಾವು ಬ್ಯಾಟು ಎತ್ತುವುದರೊಳಗೆ ಹಿಂದೆ ಹೋಗಿರುತ್ತಿತ್ತು. ನಾನು ಆ ಬಿಸಿಲಲ್ಲಿ ಎಷ್ಟು ಸಲ ಹಾರಿದೆನೋ, ಎಷ್ಟು ಸಲ ಬೇಲಿಯ ಕಡೆ ಓಡಿದೆನೋ. ಸೋತೆವು. ಮರ್ಯಾದೆಯಿಂದ ಸೋತೆವು ಅನ್ನುವಂತೆಯೂ ಇರಲಿಲ್ಲ, ಕೊನೆಕೊನೆಗೆ ಅವರ ಹುಡುಗಿಯರು ನಗುತ್ತಲೇ ಓಡುತ್ತಿದ್ದರು.

ಆಟ ಮುಗಿದ ಮೇಲೆ ಅಪ್ಪ ಅಂಪೈರ ಹತ್ತಿರ ಹೋಗಿ, "ಒಂದೀಟ ಕೊಡ್ರಿ" ಎಂದು ಆ ಚೆಂಡು ಇಸಿದುಕೊಂಡ. ಅಂಗೈಯಲ್ಲಿ ಇಟ್ಟು ತೂಗಿದ. ಹೆಬ್ಬೆರಳಿನಿಂದ ಒತ್ತಿದ. ನೆಲಕ್ಕೆ ಹಾಕಿದ, ಅದು ಪುಟಿದು ಅವನ ಕೈಗೇ ಬಂತು. ಮತ್ತೆ ಹಾಕಲಿಲ್ಲ.

"ಗಂಜಿ ಹಾಕಿಲ್ಲ ಇದಕ್ಕ" ಎಂದ, ಯಾರಿಗೂ ಅಲ್ಲ.

ಶಾಹಿದಾ ಅಳುತ್ತಿದ್ದವಳು ಎದ್ದು ಬಂದಳು. "ಕಾಕಾ, ಚೆಂಡಿಂದೇನ ತಪ್ಪಿಲ್ಲ ರಿ. ನಾವ ಕೆಡಿಸೀವಿ."

"ಇಲ್ಲವ್ವಾ. ನೀವು ಛಲೋ ಕಲ್ತಿದ್ರಿ. ನಾ ಕಲಿಸಿದ್ದನ್ನ ಕಲ್ತಿದ್ರಿ" ಎಂದ ಅಪ್ಪ. ಚೆಂಡನ್ನು ಎರಡೂ ಕೈಯಿಂದ ಅಂಪೈರಿಗೆ ತಿರುಗಿ ಕೊಟ್ಟ. ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.  ಉದಾಸೀನದಿಂದ ಕೆಡಿಸಿದ್ದರೆ ಬೈಯಬಹುದಿತ್ತು. ಜೀವ ಸುರಿದು ಮಾಡಿ ಕೆಡಿಸಿದವನನ್ನು ಏನೆಂದು ಬೈಯುವುದು?

ವಾಪಸು ಬಂದ ಮೇಲೆ ಅಪ್ಪ ಅಂಗಡಿಗೆ ಹೋಗಿ ಸೋತ ಸುದ್ದಿ ಹೇಳಿದ. ಸಾವುಕಾರರು ಒಳ್ಳೆಯ ಮಾತೇ ಆಡಿದರು, "ಇರ್ಲಿ ಬಿಡು ಮಲ್ಲೇಶಪ್ಪ, ಮುಂದಿನ ವರ್ಷ ನೋಡೂಣು" ಎಂದರು. ಆದರೆ ಅಪ್ಪ ಮಾತಿಗೆ ತಪ್ಪುವವನಲ್ಲ. ಯುಗಾದಿಗೆ ಮೊದಲು ಮಗ್ಗ ಬಿಚ್ಚಿದ. ಕಟ್ಟಿಗೆ ಅಟ್ಟಕ್ಕೆ ಹೋಯಿತು. ಕುಣಿಗೆ ಮಣ್ಣು ತುಂಬಿ, ದಿಮ್ಮಸು ಬಡಿದು, ಮೇಲೆ ಗಾರೆ ಹಾಕಿಸಿದ. ಅವ್ವ ಬಹಳ ವರ್ಷದಿಂದ ಪಡಸಾಲೆ ದೊಡ್ಡದಾಗಬೇಕು ಅನ್ನುತ್ತಿದ್ದವಳು, ಅದು ದೊಡ್ಡದಾದ ದಿನ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಬಂದರೂ ಗೋಡೆ ಹಿಡಿದು ಸುತ್ತಿಕೊಂಡೇ ಬರುತ್ತಿದ್ದಳು. ಅಪ್ಪನಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಮೊಣಕಾಲು ಹಿಡಿಯುತ್ತಿತ್ತು. ಹುಟ್ಟಿದಾರಭ್ಯ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನು. ಹೊರಗಿನ ಕಟ್ಟೆಯ ತುದಿಗೆ ಕೂತು, ಕಾಲನ್ನು ಗಟಾರದ ಮೇಲೆ ಇಳಿಬಿಟ್ಟು, ತಾಟು ತೊಡೆಯ ಮೇಲಿಟ್ಟು ಉಣ್ಣುವುದನ್ನು ರೂಢಿ ಮಾಡಿಕೊಂಡ. ಕೂದಲಿನ ಶೆಡ್ಡಿನಲ್ಲಿ ಹೆಂಗಸರ ಸಾಲಿನಲ್ಲಿ ಕೂರಲಾಗದೆ ಚೀಲ ಹೊರುವ ಕೆಲಸ ಹಿಡಿದ.

ಲಾಳಿ ತಂಡ ಮತ್ತೆ ಸೇರಲಿಲ್ಲ. ಮಾಸ್ತರರಿಗೆ ಮರುವರ್ಷವೇ ತಾವರಗೇರಾ ಕಡೆ ವರ್ಗವಾಯಿತು, ಶಾಹಿದಾಳೂ ಹೋದಳು.  ನನಗೆ ಈ ನೌಕರಿ ಸಿಕ್ಕಿತು. ಎಲ್ಲರೂ ಬದುಕು ನೆಟ್ಟಗಾಯಿತು ಅಂದರು. ಹೊಟ್ಟೆಗೆ ಆಯಿತು, ನಿಜ.

ಹೋದ ತಿಂಗಳು ಅಪ್ಪ ಗಂಗಾವತಿಗೆ ದವಾಖಾನೆಗೆ ಬಂದಿದ್ದ, ನನ್ನ ಗಾಡಿಯಲ್ಲೇ ಕೊಪ್ಪಳಕ್ಕೆ ಹೊರಟ. ದಾರಿಯಲ್ಲಿ ಯಾವುದೋ ಶಾಲೆಯ ಖೋ ಖೋ ಹುಡುಗಿಯರು ಕಲಕಲ ಎನ್ನುತ್ತ ಹತ್ತಿದರು. ಸಣ್ಣ ಸಣ್ಣವರು. ಎಲ್ಲರ ಮೈಮೇಲೂ ಬಿಳಿ ಅಂಗಿ, ತೋಳಿಗೆ, ಎದೆಗೆ ಕೆಂಪು ದಡಿ. ಹಲ್ಲು ಹಲ್ಲಿನ ಅದೇ ಕುಸುರಿ. ನನ್ನ ಕೈಯ ಟಿಕೆಟ್ ಮಷೀನು ಸುಮ್ಮನಾಯಿತು. ಸಾವುಕಾರರ ಅಂಗಡಿಯಲ್ಲಿ ಉಳಿದ ಆ ತುಂಡು ಏನಾಯಿತೆಂದು ಆಗ ತಿಳಿಯಿತು.

ಒಬ್ಬ ಹುಡುಗಿ ಅಪ್ಪನ ಪಕ್ಕದಲ್ಲೇ ಕೂತಳು. ಅಪ್ಪ ಅವಳ ತೋಳನ್ನೇ ನೋಡುತ್ತಿದ್ದ. ನಾನು ನಡುವೆ ಹೋಗಿ ಏನಾದರೂ ಅನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಅಪ್ಪನೇ ಅವಳನ್ನು ಮಾತಾಡಿಸಿದ.

"ತಂಗೀ, ಈ ಅಂಗಿ ಎಲ್ಲಿದವ್ವಾ?" ಎಂದು ಕೇಳಿದ.

"ಸಾಲ್ಯಾಗ ಕೊಟ್ಟಾರಜ್ಜಾ. ಎಲ್ಲಾ ಸಾಲ್ಯಾಗೂ ಇದ ಐತಿ."

"ಛಲೋ ಐತಿ. ಒಂದೀಟ ತೋಳ ಹಿಡಿ, ನೋಡ್ತೀನಿ."

ಹುಡುಗಿ ಹೆಮ್ಮೆಯಿಂದ ತೋಳು ಚಾಚಿದಳು. ಅಪ್ಪ ತೋಳಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದ. ಬಟ್ಟೆ ಕೈಗೆ ಬಂದರೆ ನೇಕಾರ ಮುಮ್ಮುಖ ನೋಡುವುದಿಲ್ಲ, ತಿರುವಿ ಹಿಮ್ಮುಖ ನೋಡುತ್ತಾನೆ; ಎಳೆ ಎಲ್ಲಿ ಹೊಕ್ಕಿದೆ, ಎಲ್ಲಿ ಎದ್ದಿದೆ, ಕೈ ಯಾರದು ಎಂಬುದೆಲ್ಲ ಅಲ್ಲೇ ಇರುತ್ತದೆ. ಅಪ್ಪನೂ ತಿರುವಿ ನೋಡಿದ. ನೇಯ್ದದ್ದಲ್ಲ, ಅಚ್ಚು ಹೊಡೆದ ದಡಿ. ಹಿಂದೆ ಬರೀ ಬಿಳಿ, ಒಂದು ಎಳೆ ಕೆಂಪಿಲ್ಲ.

ಅವನು ತೋಳನ್ನು ಮೊದಲಿದ್ದ ಹಾಗೇ ಮಡಿಸಿ, ಸುಕ್ಕು ಸವರಿ ಬಿಟ್ಟ. "ಛಲೋ ಆಡ್ರವ್ವಾ" ಎಂದ. ನಾನು ಆ ಹುಡುಗಿಗೆ ಟಿಕೆಟ್ ಹರಿದು ಕೊಟ್ಟೆ.